ಫ್ಯೂಸ್ ಹೋದಾಗ ದಪ್ಪ ತಂತಿ ಪರಿಹಾರವಲ್ಲ

ಮಾನ್ಯರೆ,

ಮಳೆಗಾಲ ಹಿಡಿದೊಡನೆ ಮಲೆನಾಡಿನ ಮನೆಗಳಲ್ಲಿ ಫ್ಯೂಸ್ ಹೋಗುವುದು, ಕರೆಂಟು ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಎಂಸಿಬಿ ಸ್ವಿಚ್ಚು ಬೀಳುವುದು ಮಾಮೂಲಿ ಸಂಗತಿ. ಆತಂಕ ಹುಟ್ಟಿಸುವುದು ಅದಕ್ಕೆ ನಾವು ಕಂಡುಕೊಂಡಿರುವ ಪರಿಹಾರ. ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸಿಗೆ ವೈರಿನಿಂದ ಸುಲಿದ ನಾಲ್ಕೈದು ತಾಮ್ರದ ಎಳೆಗಳನ್ನು ಹೊಸೆದು ಕಟ್ಟುವುದು, 16 ಆಂಪಿಯರ್‌ನ ಎಂಸಿಬಿ ನಿಲ್ಲುತ್ತಿಲ್ಲವೆಂದು ಅದೇ ಜಾಗಕ್ಕೆ 32ರದ್ದನ್ನು ತಂದು ಕೂರಿಸುವುದು ಎಷ್ಟೋ ಕಡೆ ಜಾಣತನವೆನಿಸಿಕೊಂಡಿದೆ. ಗೋಡೆಯೊಳಗಿನ ವೈರು ಕಾದು ಹೊದಿಕೆ ಕರಗುವ ಮೊದಲೇ ತಾನು ಕರಗಲೆಂದು ಫ್ಯೂಸಿನ ತಂತಿಯನ್ನು ತೆಳ್ಳಗೆ ಇಟ್ಟಿರುತ್ತಾರೆ. ಅದು ಕರಗದಂತೆ ನೋಡಿಕೊಂಡರೆ ಬಿಸಿಯಾಗಿ ಕರಗುವ ಸರದಿ ಗೋಡೆಯೊಳಗಿನ ವೈರಿಗೆ ಬರುತ್ತದೆ.

ಬಹಳಷ್ಟು ಸಲ ಕಾರಣ ಸರಳವಾಗಿಯೇ ಇರುತ್ತದೆ. ಬಲ್ಬು, ಫ್ಯಾನು, ರೇಡಿಯೊಗಳಷ್ಟನ್ನೇ ಎಣಿಸಿ ವೈರಿಂಗ್ ಮಾಡಿದ ಹಳೆಯ ಮನೆಯಲ್ಲಿ ಈಗ 3000 ವ್ಯಾಟ್‌ನ ಇನ್‌ಸ್ಟಂಟ್ ಗೀಸರ್, 1500 ವ್ಯಾಟ್‌ನ ನೀರು ಕಾಯಿಸುವ ರಾಡ್ ಮತ್ತು 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಬೆಳಗಿನ ಹೊತ್ತು ಒಂದೇ ಲೈನಿನಲ್ಲಿ ಓಡಿದರೆ, 230 ವೋಲ್ಟ್ ಲೆಕ್ಕದಲ್ಲಿ ಸುಮಾರು 24 ಆಂಪಿಯರ್ ಆಗುತ್ತದೆ. 16ರ ಎಂಸಿಬಿ ಸ್ವಲ್ಪ ಹೊತ್ತು ತಾಳಿ ಬಿದ್ದರೆ ಹೊರೆ ಹೆಚ್ಚಾಗಿದೆ ಎಂದು ತಿಳಿಯಬೇಕು. ಏರಿಸಿದ ತಕ್ಷಣ ಟಪ್ಪೆಂದು ಬಿದ್ದರೆ ಎಲ್ಲೋ ಶಾರ್ಟ್ ಆಗಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಮತ್ತೆ ಮತ್ತೆ ಏರಿಸಿ ನೋಡಬಾರದು. ಕಿಟ್‌ಕ್ಯಾಟ್ ಫ್ಯೂಸ್ ಕೂಡ ಇದನ್ನು ತೋರಿಸಿಕೊಡುತ್ತದೆ. ತಂತಿ ನಡುವೆ ತುಂಡಾಗಿದ್ದು ಪಿಂಗಾಣಿ ಶುಚಿಯಾಗಿದ್ದರೆ ಸಾಮಾನ್ಯವಾಗಿ ಹೊರೆಯ ಸಮಸ್ಯೆ. ಪಿಂಗಾಣಿಗೆ ಮಸಿ ಹಿಡಿದು ತಾಮ್ರದ ಸಣ್ಣ ಹನಿಗಳು ಅಂಟಿಕೊಂಡಿದ್ದರೆ ಶಾರ್ಟ್. ಎರಡನೆಯದಾದರೆ ಎಲೆಕ್ಟ್ರೀಷಿಯನ್ ಬರುವವರೆಗೆ ಕತ್ತಲೆಯಲ್ಲಿರುವುದೇ ಲೇಸು.

ಫ್ಯೂಸನ್ನು ಕೈಗೆತ್ತಿಕೊಳ್ಳುವವರು ಮೊದಲು ಮೇನ್ ಸ್ವಿಚ್ ಇಳಿಸಬೇಕು, ಕೈ ಒಣಗಿರಬೇಕು, ನಿಂತ ನೆಲದಲ್ಲಿ ಪಸೆಯಿರಬಾರದು. ಮೇನ್ ಇಳಿಸಿದ ಮೇಲೂ ಮೀಟರಿನಿಂದ ಅದಕ್ಕೆ ಬರುವ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಯುಪಿಎಸ್ ಇರುವ ಮನೆಗಳಲ್ಲಂತೂ ಮೇನ್ ಇಳಿಸಿದ ಮರುಕ್ಷಣವೇ ಅದು ತಾನಾಗಿ ಚಾಲೂ ಆಗಿ, ಬಲ್ಬು ಫ್ಯಾನುಗಳ ಲೈನಿಗೆ ಪೂರ್ಣ ವೋಲ್ಟೇಜು ಹರಿಸುತ್ತದೆ. ಅದನ್ನೂ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡದೆ ಕೈಹಾಕುವುದು ಅಪಾಯ. ಮೀಟರಿನ ಹತ್ತಿರ ಸೀಲ್ ಹಾಕಿರುವ ಕಟೌಟ್ ಫ್ಯೂಸಾಗಲಿ, ಕಂಬದ ಮೇಲಿನ ಅಥವಾ ಟ್ರಾನ್ಸ್‌ಫಾರ್ಮರ್‌ನ ಫ್ಯೂಸಾಗಲಿ ನಮ್ಮದಲ್ಲ; ಪವರ್‌ಮ್ಯಾನ್ ಬರುವುದು ತಡವಾದರೂ ಸರಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ಕಾಯಬೇಕು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕರೆಂಟು ಸೋರಿದರೆ ಲೈನನ್ನು ಕಡಿಯುವ, ಜನ ಇಎಲ್‌ಸಿಬಿ ಎಂದೇ ಕರೆಯುವ ಆರ್‌ಸಿಸಿಬಿ ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆಂದು ಅದನ್ನು ಬೈಪಾಸ್ ಮಾಡಿಸಿಕೊಳ್ಳುವವರಿದ್ದಾರೆ. ಕೇಳಿದ್ದೇ ತಡ ಮಾಡಿಕೊಡುವ ವೈರಿಂಗ್‌ನವರೂ ಇದ್ದಾರೆ. ಮನುಷ್ಯನ ಮೈಯೊಳಗೆ ಹರಿದು ಪ್ರಾಣ ತೆಗೆಯುವ ಕರೆಂಟು ಒಂದು ಆಂಪಿಯರಿನಷ್ಟೂ ಇರಬೇಕಾಗಿಲ್ಲವಾದ್ದರಿಂದ, 5 ಆಂಪಿಯರ್‌ನ ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ. 30 ಮಿಲಿಆಂಪಿಯರ್ ಸೋರಿದರೂ ಬೀಳುವ ಆರ್‌ಸಿಸಿಬಿಯೊಂದೇ ಆಗ ನಮ್ಮನ್ನು ಉಳಿಸುವುದು. ಅದು ಬಿತ್ತೆಂದರೆ ಗೀಸರಿನ ಕಾಯಿಲ್, ಸಂಪಿನ ಪಂಪು ಅಥವಾ ನೀರು ಇಳಿದ ಹೊರಗಿನ ಸ್ವಿಚ್ ಬೋರ್ಡು ಎಲ್ಲಾದರೂ ಕರೆಂಟು ಸೋರುತ್ತಿರಬಹುದು. ಹುಡುಕುವುದು ಕಷ್ಟವೇನಲ್ಲ. ಎಂಸಿಬಿಗಳನ್ನೆಲ್ಲ ಇಳಿಸಿ, ಆರ್‌ಸಿಸಿಬಿಯನ್ನು ಏರಿಸಿ, ಆಮೇಲೆ ಒಂದೊಂದಾಗಿ ಎಂಸಿಬಿಗಳನ್ನು ಏರಿಸುತ್ತಾ ಬಂದರೆ ದೋಷವಿರುವ ಲೈನು ಬಂದಾಗ ಆರ್‌ಸಿಸಿಬಿ ಮತ್ತೆ ಬೀಳುತ್ತದೆ. ಆ ಲೈನಿನ ಪ್ಲಗ್ಗುಗಳನ್ನೆಲ್ಲ ಕಿತ್ತು ಪುನಃ ಒಂದೊಂದಾಗಿ ಹಾಕಿದರೆ ಕೆಟ್ಟ ಸಾಮಾನು ಸಿಗುತ್ತದೆ. ಪ್ಲಗ್ಗುಗಳನ್ನು ಕಿತ್ತ ಮೇಲೂ ನಿಲ್ಲದಿದ್ದರೆ ಆ ಲೈನನ್ನು ಇಳಿಸಿಯೇ ಬಿಟ್ಟು ಎಲೆಕ್ಟ್ರೀಷಿಯನ್‌ಗೆ ಹೇಳಬೇಕು. ಬಿದ್ದ ಎಂಸಿಬಿಯ ಹಿಡಿ ಕೆಲವು ಮಾದರಿಗಳಲ್ಲಿ ನಡುವೆ ನಿಂತಿರುತ್ತದೆ, ಪೂರ್ತಿ ಕೆಳಗೆ ಒತ್ತಿದ ಮೇಲೆಯೇ ಮೇಲೆ ನಿಲ್ಲುತ್ತದೆ. ಕೆಟ್ಟುಹೋಯಿತೆಂದು ಹೊಸದನ್ನು ಕೊಳ್ಳುವ ಮುನ್ನ ಇಷ್ಟು ನೋಡಿದರೆ ದುಡ್ಡು ಉಳಿದೀತು. ಆರ್‌ಸಿಸಿಬಿಯ ಮೇಲೆ 'ಟಿ' ಎಂದು ಬರೆದ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಅದು ಬೀಳುತ್ತದೆಯೇ ಎಂದು ನೋಡಬೇಕು. ಅನೇಕ ಮನೆಗಳಲ್ಲಿ ಆ ಗುಂಡಿ ಏತಕ್ಕಿದೆಯೆಂದು ಕೇಳಿದವರೇ ಇಲ್ಲ.

ಹೊಸ ಸಂಪರ್ಕ ಕೊಡುವಾಗ ಪರವಾನಗಿ ಪಡೆದ ಗುತ್ತಿಗೆದಾರರ ವರದಿಯನ್ನು ಕೇಳುವ ಮೆಸ್ಕಾಂ ಮತ್ತಿತರ ವಿದ್ಯುತ್ ಕಂಪನಿಗಳು, ಪ್ರತಿ ತಿಂಗಳೂ ಮನೆಮನೆಗೆ ಮುಟ್ಟುವ ಬಿಲ್ಲಿನ ಹಿಂಬದಿಯಲ್ಲಿ ಫ್ಯೂಸ್ ಮತ್ತು ಆರ್‌ಸಿಸಿಬಿಯ ಬಗ್ಗೆ ನಾಲ್ಕು ಸಾಲು ಕನ್ನಡದಲ್ಲಿ ಅಚ್ಚು ಹಾಕಿಸಬೇಕೆಂದು ಕೋರುತ್ತೇನೆ. ಅಂಗಡಿಯವರು ಫ್ಯೂಸ್ ತಂತಿಯನ್ನು ಅಳೆದು ಕೊಡುವಾಗ ಎಷ್ಟು ಆಂಪಿಯರ್‌ಗೆ ಎಂದು ಕೇಳಲಿ. ವೈರಿಂಗ್ ಮಾಡುವವರು ಪ್ರತಿ ಎಂಸಿಬಿಯ ಕೆಳಗೆ ಅಡುಗೆಮನೆ, ಬಚ್ಚಲು, ಪಂಪು ಎಂದು ಅಳಿಸಿಹೋಗದ ಶಾಯಿಯಲ್ಲಿ ಬರೆದುಕೊಟ್ಟರೆ, ರಾತ್ರಿ ಹೊತ್ತು ಮನೆಯಲ್ಲಿ ಒಬ್ಬರೇ ಇರುವ ಹಿರಿಯರೂ ಸರಿಯಾದ ಹಿಡಿಯನ್ನೇ ಇಳಿಸಬಹುದು.

– ನಿವೃತ್ತ ಐಟಿಐ ಬೋಧಕ, ಸಾಗರ