ದೇವರು ಬೇಡ ಅಂದ ಮಗಳಿಗೆ

ಕೋಥ್ರೂಡ್, ಪುಣೆ

ಚಿ. ಸ್ನೇಹಾಳಿಗೆ ಕಾಕಾ ಮಾಡುವ ಆಶೀರ್ವಾದ.

ಊರಿಗೆ ಹೋದಾಗ ನೀನು ದೇವರ ಕೋಣೆಗೆ ಕಾಲಿಡಲಿಲ್ಲ ಅಂತ ನಿಮ್ಮವ್ವ ಧಾರವಾಡದಿಂದ ಫೋನ್ ಮಾಡಿ ಅತ್ತರು. ದೇವರ ಭಯ ಇಲ್ಲದಿದ್ದರೆ ಹುಡುಗಿ ಹಾದಿ ತಪ್ಪುತ್ತಾಳೆ ಅನ್ನೋದು ವೈನಿಯ ಸಂಕಟ. ನಾನು ದಿನಾ ವಿಠ್ಠಲನಿಗೆ ಕೈಮುಗಿಯುವವನು. ಆದರೂ ಈ ಮಾತು ಒಪ್ಪುವುದಿಲ್ಲ.

ನೀನು ಓಡಾಡುವ ಫರ್ಗ್ಯುಸನ್ ಕಾಲೇಜ್ ರಸ್ತೆಯನ್ನೇ ತಗೋ. ಆ ಕಾಲೇಜು ಕಟ್ಟಿದವರಲ್ಲಿ ಗೋಪಾಳ ಗಣೇಶ ಆಗರಕರ್ ಒಬ್ಬರು. 1892ರಲ್ಲಿ ಅದರ ಪ್ರಾಂಶುಪಾಲರೂ ಆದರು. ದೇವರ ವಿಷಯದಲ್ಲಿ ಅವರು ಸಂದೇಹವಾದಿ. ದೊಡ್ಡ ಸಂಬಳದ ನೌಕರಿಯ ಆಸೆ ಬಿಟ್ಟು ಚಿಕ್ಕ ಸಂಬಳಕ್ಕೆ ಪಾಠ ಹೇಳಿದರು. ಬಾಲ್ಯವಿವಾಹ ಬೇಡ, ವಿಧವೆಯರ ತಲೆ ಬೋಳಿಸಬೇಡಿ ಅಂತ ಬರೆದರು. ಸಿಟ್ಟಾದ ಸಂಪ್ರದಾಯಸ್ಥರು ಅವರು ಬದುಕಿದ್ದಾಗಲೇ ಇದೇ ಪುಣೆಯಲ್ಲಿ ಅವರ ಅಣಕು ಶವಯಾತ್ರೆ ತೆಗೆದರು. ಅಸ್ತಮಾದಿಂದ ನರಳಿ 1895ರಲ್ಲಿ ತೀರಿಕೊಂಡಾಗ ಅವರಿಗೆ 38 ವರ್ಷ. ಯಾವ ನರಕದ ಭಯ ಅವರನ್ನು ಸರಿದಾರಿಯಲ್ಲಿ ಇಟ್ಟಿತ್ತು, ಹೇಳು? ಚಟ್ಟ ಹೊತ್ತವರು ದೇವರನ್ನು ನಂಬಿದವರೇ ಅಲ್ವಾ!

ದೇವರಿಲ್ಲದೆ ಸುಖವಾಗಿ ಇರಬಹುದೇ ಅನ್ನೋ ಪ್ರಶ್ನೆ ಮಾತ್ರ ಇಷ್ಟು ಸಲೀಸಲ್ಲ. 2010ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಚರ್ಚಿನಂಥ ಕಡೆ ತಪ್ಪದೆ ಹೋಗುವವರಿಗೆ ಬದುಕಿನ ಬಗ್ಗೆ ತೃಪ್ತಿ ಜಾಸ್ತಿ. ಆದರೆ ಅಲ್ಲಿ ಗೆಳೆಯರಿಲ್ಲದವರಲ್ಲಿ ಆ ಲಾಭ ಕಾಣಲಿಲ್ಲವಂತೆ. ನಮ್ಮ ಭಜನಾ ಮಂಡಳಿ ನೋಡಿದವರಿಗೆ ಇದು ಹೊಸದಲ್ಲ. ನಿನ್ನ ಕಾಕು ಆಸ್ಪತ್ರೆಯಲ್ಲಿದ್ದಾಗ ಎರಡು ಹೊತ್ತೂ ಊಟದ ಡಬ್ಬಿ ತಂದವರು ಮಂಡಳಿಯವರೇ. ವಿಠ್ಠಲನೇ ಕಳಿಸಿದ ಅಂತ ನಾನು ಅಂದುಕೊಂಡೆ. ನೀನು ಹಾಗೆ ಅಂದುಕೊಳ್ಳಬೇಕಿಲ್ಲ, ಡಬ್ಬಿಯಂತೂ ಬಂತು.

ಅದಕ್ಕೇ ಹೇಳ್ತೀನಿ, ನೀನು ದೇವರನ್ನು ಬಿಟ್ಟದ್ದು ನನಗೆ ಚಿಂತೆಯಲ್ಲ. ಹಿಂಜವಡಿಯ ಆಫೀಸು, ಫ್ಲ್ಯಾಟು, ಮೊಬೈಲು, ಇಷ್ಟರಲ್ಲೇ ನಿನ್ನ ವಾರ ಮುಗಿಯುತ್ತದಲ್ಲ, ಅದು ಚಿಂತೆ. ರಕ್ತದಾನ ಶಿಬಿರವೋ, ಟ್ರೆಕ್ಕಿಂಗ್ ಗುಂಪೋ, ನಾಟಕವೋ, ಎಲ್ಲಾದರೂ ಸೇರಿಕೋ. ಆಷಾಢದ ವಾರಿಗೆ, ಅಂದರೆ ಪಂಢರಪುರದ ಪಾದಯಾತ್ರೆಗೆ, ಹೊರಟ ಸಂತರ ಪಾಲಖಿಗಳು (ಪಲ್ಲಕ್ಕಿಗಳು) ನಾನಾ ಪೇಠ, ಭವಾನಿ ಪೇಠದಲ್ಲಿ ತಂಗಿದಾಗ ನನ್ನ ಜೊತೆ ಬಡಿಸೋಕೆ ಬಾ. ಕೈಮುಗಿ ಅಂತ ಯಾರೂ ಹೇಳೋದಿಲ್ಲ.

ಇನ್ನೊಂದು. ಅವ್ವನಿಗೆ ಮೂಢನಂಬಿಕೆ ಅಂದೆಯಂತೆ. ಅದು ಜಾಸ್ತಿಯಾಯಿತು. ಅವರು ಯಾರ ದುಡ್ಡೂ ತಿಂದಿಲ್ಲ, ಯಾರನ್ನೂ ಹೊಸಿಲಾಚೆ ನಿಲ್ಲಿಸಿಲ್ಲ. ಮುಂದಿನ ಸಲ ಹೋದಾಗ ಪೂಜೆಗೆ ಹೂ ತಂದುಕೊಟ್ಟರೆ ನಿನ್ನ ನಿಲುವಿಗೇನೂ ಧಕ್ಕೆ ಇಲ್ಲ. ಅದಕ್ಕೂ ಮೊದಲು ಒಂದು ಫೋನ್ ಮಾಡು.

ನಿನ್ನ ಕಾಕಾ