ಮೂರನೇ ಪ್ಯಾರಾದಿಂದ ಶುರು ಮಾಡು

ಪ್ರೀತಿಯ ತಂಗಿಗೆ,

ನೀನು ಕಳಿಸಿದ, ವೆಬ್‌ಸೈಟಿನ ನಿದ್ದೆಯ ಲೇಖನ ಎರಡು ಸಲ ಓದಿದೆ. ಜನ ಬರುತ್ತಾರೆ, ಆದರೆ ಅರ್ಧಕ್ಕೇ ಎದ್ದು ಹೋಗುತ್ತಾರೆ, ಎಲ್ಲಿ ತಪ್ಪುತ್ತಿದ್ದೇನೆ ಅಂತ ಕೇಳಿದ್ದೀಯ. ನಿನ್ನ ಭಾಷೆಯಲ್ಲಿ ಕೊರತೆ ಇಲ್ಲ, ವಿಷಯವೂ ಗಟ್ಟಿಯಾಗಿದೆ. ಕೇಳಿದ್ದನ್ನು ಕೊಡುವುದಕ್ಕೆ ಮೊದಲು ಸುಮ್ನೆ ಕಾಯಿಸುತ್ತೀಯ, ಅಷ್ಟೇ.

ನಿನ್ನ ಶೀರ್ಷಿಕೆಯನ್ನೇ ನೋಡು. 'ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಮಾಡುವುದು ಹೇಗೆ?' ಚೆನ್ನಾಗಿದೆ. ಇದನ್ನು ಒತ್ತುವವರು ಯಾರು ಅಂತ ಒಂದು ಸಲ ಯೋಚಿಸು. ಎಷ್ಟೋ ಜನ ಆ ಹೊತ್ತಿನಲ್ಲೇ ಎಚ್ಚರವಾಗಿ, ಪಕ್ಕದಲ್ಲಿ ಮಲಗಿದವರಿಗೆ ತೊಂದರೆ ಆಗದಿರಲಿ ಅಂತ ಫೋನಿನ ಬೆಳಕು ತಗ್ಗಿಸಿಕೊಂಡು, ಒಂದು ಕಣ್ಣು ಮುಚ್ಚಿಕೊಂಡು ಓದುತ್ತಿರುತ್ತಾರೆ. ಅವರಿಗೆ ಸಿಗುವ ಮೊದಲ ಸಾಲು ಯಾವುದು? 'ಇಂದಿನ ಧಾವಂತದ ಬದುಕಿನಲ್ಲಿ ನೆಮ್ಮದಿಯ ನಿದ್ದೆ ಎಂಬುದು ಮರೀಚಿಕೆಯಾಗಿದೆ.' ಅದು ಅವರಿಗೆ ಗೊತ್ತು ಕಣಮ್ಮಾ, ಅದಕ್ಕೇ ತಾನೇ ಬಂದಿರುವುದು! ಎರಡನೇ ಪ್ಯಾರಾ ತುಂಬಾ ನಿದ್ದೆಯ ಮಹತ್ವ. ಅದೂ ಗೊತ್ತು. ಮೂರನೇ ಪ್ಯಾರಾದ ನಡುವೆ, ಹೆಚ್ಚಿನವರು ತಲುಪುವುದೇ ಇಲ್ಲದ ಜಾಗದಲ್ಲಿ, ಒಂದು ಮಾತು ಅಡಗಿಸಿಟ್ಟಿದ್ದೀಯ: ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡಿ, ಎದ್ದು ಹೊರಗೆ ಬಂದು ಮಂದ ಬೆಳಕಿನಲ್ಲಿ ಕೂತಿರಿ, ತೂಕಡಿಕೆ ಬಂದಮೇಲೆ ಮಾತ್ರ ವಾಪಸ್ ಹೋಗಿ ಮಲಗಿ.

ಲೇಖನ ಶುರುವಾಗುವುದೇ ಇಲ್ಲಿಂದ. ಇದಕ್ಕೂ ಮೊದಲಿನದನ್ನೆಲ್ಲ ಅಳಿಸು.

ಯಾಕೆ ಅಂತ ಹೇಳುತ್ತೇನೆ. ನಿದ್ದೆ ಬೇಕು ಅಂತ ಬಂದವರಿಗೆ 'ಎದ್ದೇಳಿ' ಅಂದರೆ ಅವರು ತಡವರಿಸುತ್ತಾರೆ. ಏಳಬೇಕಾ? ಯಾಕೆ? ಈಗ ಅವರಾಗಿಯೇ ಮುಂದಿನ ಸಾಲಿಗೆ ಹೋಗುತ್ತಾರೆ. ಅಲ್ಲಿ ನೀನು ಕಾರಣ ಕೊಡುತ್ತೀಯ, ಎಚ್ಚರವಾಗಿ ಬಿದ್ದುಕೊಂಡಿದ್ದರೆ ಹಾಸಿಗೆ ಅಂದರೆ ಎಚ್ಚರ ಅಂತ ಮನಸ್ಸು ರೂಢಿ ಮಾಡಿಕೊಳ್ಳುತ್ತದೆ ಅಂತ. ಕುತೂಹಲದ ಬಗ್ಗೆ ಜಾರ್ಜ್ ಲೋವೆನ್‌ಸ್ಟೈನ್ ಎಂಬ ವಿದ್ವಾಂಸರು 1994ರಲ್ಲಿ ಬರೆದದ್ದರ ಸಾರ ಇದೇ: ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕು ಅನ್ನಿಸುವುದಕ್ಕೂ ನಡುವೆ ಒಂದು ಅಂತರ ಕಂಡಾಗ ಕುತೂಹಲ ಹುಟ್ಟುತ್ತದೆ. ಅಂತರ ಕಾಣಬೇಕಾದರೆ ಮೊದಲು ಸ್ವಲ್ಪವಾದರೂ ಗೊತ್ತಿರಬೇಕು. ಬಚ್ಚಿಟ್ಟುಕೊಂಡು ಕೂತರೆ ಕುತೂಹಲ ಬರುತ್ತದೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಕೈ ಬಿಚ್ಚಿ ಮೊದಲೇ ಕೊಟ್ಟರೆ ಕುತೂಹಲ ಜಾಸ್ತಿ.

ಇನ್ನೊಂದು ವಿಷಯ ಒಪ್ಪಿಕೊಂಡುಬಿಡು, ಮನಸ್ಸು ಹಗುರವಾಗುತ್ತದೆ. ಪರದೆಯ ಮೇಲೆ ಹೆಚ್ಚಿನವರು ಎಲ್ಲವನ್ನೂ ಓದುವುದಿಲ್ಲ. ಜನ ವೆಬ್‌ಸೈಟುಗಳನ್ನು ಹೇಗೆ ಓದುತ್ತಾರೆ ಅಂತ ಅಧ್ಯಯನ ಮಾಡಿದ ಜೇಕಬ್ ನೀಲ್ಸನ್ ಮತ್ತು ಜಾನ್ ಮೋರ್ಕ್ಸ್ 1997ರಲ್ಲೇ ಜನರನ್ನು ಕೂರಿಸಿ ಗಮನಿಸಿದಾಗ 79 ಪರ್ಸೆಂಟ್ ಮಂದಿ ಹೊಸ ಪುಟವನ್ನು ಸುಮ್ನೆ ಕಣ್ಣಾಡಿಸಿ ಬಿಟ್ಟಿದ್ದರು, ಒಂದೊಂದು ಪದವನ್ನೂ ಓದಿದವರು 16 ಪರ್ಸೆಂಟ್ ಮಾತ್ರ. 2006ರಲ್ಲಿ ಅದೇ ನೀಲ್ಸನ್ ತಂಡ 232 ಜನರ ಕಣ್ಣಿನ ಚಲನೆಯನ್ನೇ ಹಿಂಬಾಲಿಸಿತು. ಮೇಲಿನ ಸಾಲುಗಳನ್ನು ಅಡ್ಡಡ್ಡಲಾಗಿ ಓದುತ್ತಾರೆ, ಕೆಳಗೆ ಬರುತ್ತಾ ಅಡ್ಡ ಓದು ಗಿಡ್ಡವಾಗುತ್ತದೆ, ಆಮೇಲೆ ಎಡ ಅಂಚಿನಲ್ಲೇ ಕಣ್ಣು ಜಾರಿಕೊಂಡು ಹೋಗುತ್ತದೆ. ನಾವೂ ಎಡದಿಂದ ಬಲಕ್ಕೆ ಓದುವವರೇ ಅಲ್ವಾ? ಹಾಗಾಗಿ ಪ್ರತಿ ಪ್ಯಾರಾದ ಮೊದಲ ಎರಡು ಮೂರು ಪದಗಳಲ್ಲಿ ಏನಾದರೂ ಇರಲಿ. ನೀನು ಆರು ಪ್ಯಾರಾಗಳನ್ನು 'ಇದಲ್ಲದೆ', 'ಅಷ್ಟೇ ಅಲ್ಲದೆ', 'ಮತ್ತೊಂದೆಡೆ' ಅಂತಲೇ ಶುರು ಮಾಡಿದ್ದೀಯ. ಜಾರುವ ಕಣ್ಣಿಗೆ ಹಿಡಿದುಕೊಳ್ಳಲು ಒಂದು ರೆಂಬೆಯೂ ಇಲ್ಲ.

ನಿನ್ನ ಉಪಶೀರ್ಷಿಕೆಗಳದ್ದೂ ಅದೇ ಕಥೆ. 'ಕಾರಣಗಳು' ಅಂದರೆ ಏನೂ ಹೇಳಿದಂತಾಗಲಿಲ್ಲ. ಅದರ ಕೆಳಗೆ 'ಕೆಫೀನ್ ಸೇವನೆಯು ನಿದ್ದೆಯ ಮೇಲೆ ಪರಿಣಾಮ ಬೀರುತ್ತದೆ' ಅಂತಿದೆ. ಈ ವಾಕ್ಯ ಓದಿ ಯಾರು ತಾನೇ ಏನು ಮಾಡಲಿ? ಮೈಗೆ ಹೋದ ಕೆಫೀನ್ ಅರ್ಧಕ್ಕೆ ಇಳಿಯಲು ಸರಾಸರಿ 5 ಗಂಟೆ ಬೇಕು, ಒಬ್ಬೊಬ್ಬರಿಗೆ ಒಂದೊಂದು ಥರ. ಹಾಗಿದ್ದರೆ 'ಸಂಜೆ 5ಕ್ಕೆ ಕುಡಿದ ಕಾಫಿಯ ಅರ್ಧ ಕೆಫೀನ್ ರಾತ್ರಿ 10ಕ್ಕೂ ಮೈಯಲ್ಲೇ ಇರಬಹುದು' ಅಂತ ಬರಿ. ಓದಿದವರು ತಾವು ಸಂಜೆ ಎಷ್ಟು ಹೊತ್ತಿಗೆ ಕುಡಿದೆವು ಅಂತ ಲೆಕ್ಕ ಹಾಕದೆ ಇರಲಾರರು. ಲೆಕ್ಕ ಹಾಕಿದರು ಅಂದರೆ ಲೇಖನದ ಒಳಗೆ ಬಂದರು ಅಂತಲೇ.

ವಾಕ್ಯದ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಮಲಗುವ ಮುನ್ನ ಬಹಳ ಹೊತ್ತು ಮೊಬೈಲ್ ನೋಡುವ ಅಭ್ಯಾಸವಿರುವ, ಕೆಲಸದ ಒತ್ತಡದಿಂದ ಬಳಲುತ್ತಿರುವ, ನಿಗದಿತ ಸಮಯಕ್ಕೆ ಏಳದಿರುವವರಲ್ಲಿ...' ಅಂತ ನೀನು ಎಳೆಯುತ್ತಾ ಹೋದರೆ ಏನಾಯಿತು ಅಂತ ತಿಳಿಯುವವರೆಗೆ ಓದುಗ ಎಲ್ಲವನ್ನೂ ತಲೆಯಲ್ಲಿ ಹೊತ್ತು ನಿಂತಿರಬೇಕು. ಎರಡಾಗಿ ಮುರಿ. ಎಲ್ಲವನ್ನೂ ಚೂರು ಚೂರು ಮಾಡು ಅಂತಲ್ಲ. ಉದ್ದ ವಾಕ್ಯಕ್ಕೆ ಅದರದ್ದೇ ಒಂದು ಓಟ ಇದ್ದರೆ ಬಿಟ್ಟುಬಿಡು. ಗಟ್ಟಿಯಾಗಿ ಓದಿ ನೋಡು, ಎಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೋ ಅಲ್ಲಿ ಕತ್ತರಿ. ಓದುವುದು ಫೋನಿನಲ್ಲೇ ಆಗಲಿ. ನಿನ್ನ ದೊಡ್ಡ ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಕಾಣುವ ಪ್ಯಾರಾ ಅಲ್ಲಿ ಪರದೆ ತುಂಬಾ ಗೋಡೆ ಕಟ್ಟಿದಂತಿರುತ್ತದೆ.

ಎಷ್ಟು ಉದ್ದ ಇರಬೇಕು ಅಂತಲೂ ಕೇಳಿದ್ದೀಯ. ಹೇಳುವುದು ಇರುವವರೆಗೆ. ಅದಕ್ಕಿಂತ ಜಾಸ್ತಿ ಯೋಚಿಸಬೇಡ.

'ಐದನೆಯದನ್ನು ಕೇಳಿದರೆ ಬೆಚ್ಚಿಬೀಳುತ್ತೀರಿ' ಎಂಬ ಥರದ ಶೀರ್ಷಿಕೆ ಇಡಲಾ ಅಂದೆಯಲ್ಲ, ಬೇಡ. ಜನ ಬರುತ್ತಾರೆ, ನಿಜ. ಐದನೆಯದು ಸಪ್ಪೆ ಅಂತ ಗೊತ್ತಾದ ಮೇಲೆ ನಿನ್ನ ಹೆಸರು ಕಂಡ ಕಡೆಯೆಲ್ಲ ದಾಟಿಕೊಂಡು ಹೋಗುತ್ತಾರೆ. ರಾತ್ರಿ ನಿನ್ನ ಮಾತು ಕೇಳಿ ಎದ್ದು ಕೂತು, ಸ್ವಲ್ಪ ಹೊತ್ತಿಗೆ ನಿಜವಾಗಿಯೂ ನಿದ್ದೆ ಹತ್ತಿದ ಒಬ್ಬರು ಸಿಕ್ಕರೂ ಸಾಕು, ಅವರು ನಿನ್ನ ಮುಂದಿನ ಬರಹವನ್ನು ಶೀರ್ಷಿಕೆ ನೋಡದೆಯೇ ತೆರೆಯುತ್ತಾರೆ.

ಹಾಂ, ಕೊನೆಯಲ್ಲಿ 'ಒಟ್ಟಿನಲ್ಲಿ ಹೇಳುವುದಾದರೆ' ಅಂತ ಎಲ್ಲವನ್ನೂ ಮತ್ತೆ ಹೇಳಿದ್ದೀಯ. ಅದನ್ನೂ ತೆಗೆ. ಆ ಜಾಗದಲ್ಲಿ, ವಾರಗಟ್ಟಲೆ ಹೀಗೇ ಆಗುತ್ತಿದ್ದರೆ ಡಾಕ್ಟರಿಗೆ ತೋರಿಸಿ ಅಂತ ಒಂದು ಸಾಲು ಹಾಕು. ಅದು ನಿನ್ನ ಲೇಖನದಲ್ಲಿ ಎಲ್ಲೂ ಇಲ್ಲ. ತಿದ್ದಿ ಕಳಿಸು, ನೋಡುತ್ತೇನೆ.

ಇಂತಿ,
ನಿನ್ನ ಅಣ್ಣ