ಗೆಳತಿಯರ ನಡುವೆ ಜಗಳ ಬೇಡ: ಯುವ ಬರಹಗಾರ್ತಿಗೆ ಒಂದು ಪತ್ರ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಕರಡನ್ನು ಪೂರ್ತಿ ಓದಿದೆ. ಹಳೇ ಬಾಗಲಕೋಟೆಯ ಗಂಗಾ ಮತ್ತು ಶಬಾನಾ ಇಬ್ಬರೂ ನನಗೆ ತುಂಬಾ ಇಷ್ಟವಾದರು. ಒಂದೇ ಓಣಿ. ಒಬ್ಬಳ ಮನೆ ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಸೇರುತ್ತದೆ, ಇನ್ನೊಬ್ಬಳದು ಉಳಿಯುತ್ತದೆ. ಮಕ್ಕಳ ಕಾದಂಬರಿಗೆ ಇಷ್ಟು ಕಥೆ ಧಾರಾಳವಾಯಿತು.

ಆದರೆ ನಡುವೆ ನೀನು ಒಂದು ಜಗಳ ತಂದಿದ್ದೀಯ. ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರದ ಹೊಸ ಶಾಲೆಯಲ್ಲಿ ಒಬ್ಬ ಹುಡುಗಿ ಚಾಡಿ ಹೇಳುತ್ತಾಳೆ, ಗೆಳತಿಯರು ಮಾತು ಬಿಡುತ್ತಾರೆ, ಕೊನೆಗೆ ತಬ್ಬಿಕೊಂಡು ಅಳುತ್ತಾರೆ. ಆ ಹುಡುಗಿಯನ್ನು ತೆಗೆದುಬಿಡು. ಸ್ನೇಹ ಸಡಿಲವಾಗಲು ಕೆಟ್ಟವರು ಬೇಕಾಗಿಲ್ಲ. ಹಳೇ ಊರಿಗೂ ನವನಗರಕ್ಕೂ ಕೆಲವೇ ಕಿಲೋಮೀಟರ್, ನಿಜ. ಆದರೆ ಹನ್ನೊಂದು ವರ್ಷದ ಹುಡುಗಿಯನ್ನು ಒಬ್ಬಳೇ ಬಸ್ಸಿಗೆ ಹತ್ತಿಸಿ ಕಳಿಸುವವರು ಯಾರು? ಅಪ್ಪನಿಗೆ ಬಿಡುವಾಗಬೇಕು, ಇಲ್ಲವೇ ಅವ್ವ ಸಂತೆಗೆ ಹೊರಡಬೇಕು. ನಿನ್ನ ಕಥೆ 2002ರದ್ದು. ಆಗ ಕೈಗೊಂದು ಮೊಬೈಲ್ ಇರಲಿಲ್ಲ. ಒಂದು ಭಾನುವಾರ ತಪ್ಪುತ್ತದೆ, ಮುಂದಿನದ್ದೂ ತಪ್ಪುತ್ತದೆ. ಯಾರ ತಪ್ಪೂ ಇಲ್ಲ. ಓದುವ ಮಕ್ಕಳಿಗೆ ಇದು ಜಾಸ್ತಿ ನೋಯುತ್ತದೆ, ಯಾಕೆಂದರೆ ಅವರಿಗೂ ಹೀಗೇ ಆಗಿರುತ್ತದೆ.

ನಾನು ಈ ಪತ್ರ ಬರೆಯಲು ಮುಖ್ಯ ಕಾರಣ ಬೇರೆ. ಗಂಗಾ ಇಡೀ ಕಾದಂಬರಿಯಲ್ಲಿ ನವನಗರವನ್ನು ಒಮ್ಮೆಯೂ ಇಷ್ಟಪಡುವುದಿಲ್ಲ. ಇದನ್ನು ನಾನು ನಂಬಲಾರೆ. ಅಗಲವಾದ ರಸ್ತೆ, ಸೈಕಲ್ ಕಲಿಯಲು ಖಾಲಿ ಜಾಗ. ಅವಳಿಗೆ ಖುಷಿಯಾಗಲೇಬೇಕು. ಆ ಖುಷಿಯ ಬೆನ್ನಿಗೇ, ಶಬಾನಾಗೆ ಮೋಸ ಮಾಡಿದೆನೇನೋ ಅನ್ನುವ ಅಳುಕೂ ಬರಬೇಕು. ಅಜ್ಜಿಯ ಮುಂದೆ ಸೈಕಲ್ ವಿಷಯ ಹೇಳಲು ಅವಳು ಹಿಂಜರಿಯಲಿ. ಮನೆಯಲ್ಲಿ ಎಲ್ಲರೂ ಬಿಟ್ಟುಬಂದ ಊರಿನ ಬಗ್ಗೆ ಕೊರಗುತ್ತಿರುವಾಗ ಒಂದು ಮಗು ಹೊಸ ಊರನ್ನು ಗುಟ್ಟಾಗಿ ಪ್ರೀತಿಸತೊಡಗುವುದು, ನಿನ್ನ ಕಾದಂಬರಿಯ ಜೀವ ಇರುವುದೇ ಅಲ್ಲಿ. ನೀನು ಅದರ ಪಕ್ಕದಲ್ಲೇ ನಡೆದು ಮುಂದೆ ಹೋಗಿದ್ದೀಯ.

ಹೊಸ ಊರಿನ ನಕ್ಷೆ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರದ್ದು, ಜಲಾಶಯದ ಮಟ್ಟ 519.6 ಮೀಟರ್ ಅಂತೆಲ್ಲ ಒಂದು ಪುಟ ಬರೆದಿದ್ದೀಯ. ಓದಿ ತಿಳಿದುಕೊಂಡಿದ್ದು ಒಳ್ಳೆಯದೇ. ಆದರೆ ಗಂಗಾಗೆ ಅದು ಬೇಡ. ತನ್ನ ಮನೆಯ ವಿಳಾಸದಲ್ಲಿ ಈಗ ಓಣಿಯ ಹೆಸರಿಲ್ಲ, ಸೆಕ್ಟರ್ ನಂಬರ್ ಇದೆ ಅನ್ನುವುದಷ್ಟೇ ಅವಳಿಗೆ ಗೊತ್ತು. ಪರಿಹಾರ, ಹಕ್ಕುಪತ್ರ ಅನ್ನುವ ಮಾತುಗಳನ್ನು ಅವಳು ಅರೆನಿದ್ದೆಯಲ್ಲಿ ಕೇಳಿಸಿಕೊಳ್ಳಲಿ, ಸಾಕು.

ಬಾಗಲಕೋಟೆಯವಳಾಗಿ ಹೋಳಿಯನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀಯಲ್ಲ! ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಅಂತ ಓಣಿಗಳ ಲೆಕ್ಕದಲ್ಲಿ ನಡೆಯುವ ಹಬ್ಬ ಅದು. ಹಲಗಿ ಸದ್ದು, ಬಂಡಿಯ ಮೇಲೆ ಬಣ್ಣದ ಬ್ಯಾರಲ್. ಸೆಕ್ಟರ್‌ಗೆ ಹೋದವಳು ಮೊದಲ ವರ್ಷ ಯಾರ ಜೊತೆ ಬಣ್ಣ ಆಡಬೇಕು? ಹಟ ಮಾಡಿ ಹಳೇ ಓಣಿಗೆ ಬರಲಿ. ಅಲ್ಲಿ ಶಬಾನಾ ಪಕ್ಕದಲ್ಲಿ ಬೇರೊಬ್ಬ ಹುಡುಗಿ ನಿಂತಿರಲಿ, ಅವಳೂ ಒಳ್ಳೆಯವಳೇ ಆಗಿರಲಿ.

ಆಗ ಅವರಿಬ್ಬರ ಬಾಯಲ್ಲಿ ‘ನೀನು ನನ್ನನ್ನು ಮರೆತುಬಿಟ್ಟೆಯಾ?’ ಅಂತ ಮಾತ್ರ ಹಾಕಬೇಡ. ಮಕ್ಕಳು ಹಾಗೆ ಕೇಳುವುದಿಲ್ಲ. ‘ನಿಮ್ಮ ಸಾಲಿ ಎಷ್ಟಕ್ಕ ಬಿಡ್ತಾರ?’ ಅಂತ ಕೇಳುತ್ತಾರೆ. ನಿಮ್ಮ ಕಡೆಯ ಮಾತು ನಿನಗೆ ಚೆನ್ನಾಗಿ ಬರುತ್ತದೆ, ಸುಮ್ನೆ ಅದನ್ನೇ ಬಳಸು. ಬೆಂಗಳೂರಿನ ಮಕ್ಕಳಿಗೆ ಅರ್ಥವಾಗುತ್ತದೋ ಇಲ್ಲವೋ ಅಂತ ಹೆದರಬೇಡ.

ಮೊದಲ ಅಧ್ಯಾಯ ತಿದ್ದುತ್ತಾ ಕೂರಬೇಡ. ಸೈಕಲ್‌ನ ಅಧ್ಯಾಯ ಮತ್ತು ಹೋಳಿಯ ಅಧ್ಯಾಯ, ಇವೆರಡನ್ನು ಮೊದಲು ಹೊಸದಾಗಿ ಬರೆದು ಕಳಿಸು. ಕೊನೆ ಹೇಗಿರಬೇಕು ಅನ್ನುವುದನ್ನು ಅವು ಬಂದ ಮೇಲೆ ಮಾತಾಡೋಣ.

ಪ್ರೀತಿಯಿಂದ,
ಅಕ್ಕ